ಯಾರ ಕೋಟೂ ಅಲ್ಲದ ಕೋಟು

ಅಕ್ಟೋಬರ್ 3, ಶುಕ್ರವಾರ

ಮತ್ತೆ ಜಿಪ್ಪು. ಜನ ಕೋಟು ಧಾರಾಳವಾಗಿ ಕೊಡುತ್ತಾರೆ, ಜಿಪ್ಪು ಕೆಟ್ಟದ್ದನ್ನೇ ಹುಡುಕಿ ಕೊಡುತ್ತಾರೆ. ಹೆಬ್ಬೆರಳು ಊದಿಕೊಂಡಿದೆ.

ಬೇಕರಿಯ ಹಿಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಗೋಡೆಯಾಚೆ ಓವನ್ — ಕೋಣೆ ಬೆಚ್ಚಗೆ, ಕೋಟುಗಳಿಗೆಲ್ಲ ಬ್ರೆಡ್ಡಿನ ವಾಸನೆ. ಬೇಕರಿಯಮ್ಮ ಬಾಡಿಗೆ ಕೇಳುವುದಿಲ್ಲ. ಕೂತು ನಮ್ಮ ಮಾತೆಲ್ಲ ಕೇಳಿಸಿಕೊಳ್ಳುತ್ತಾರೆ, ಅದೇ ಬಾಡಿಗೆ.

ಅತ್ತಿಗೆ ಇವತ್ತು ಡಾಕ್ಟರ ಮನೆಯಿಂದ ಮೂರು ಚೀಲ ತಂದರು. ಊರಿನ ಮಕ್ಕಳು ಬೆಳೆದು ಬಿಟ್ಟ ಕೋಟುಗಳನ್ನು ಕೇಳಿ ತರುವುದು ಅವರ ಇಲಾಖೆ. ಕಲ್ಲಿನಿಂದ ನಾರು ತೆಗೆಯುವ ಹೆಂಗಸು. ಒಗೆಯುವುದು ಬೇಕರಿಯಮ್ಮ. ಯಾವ ಮನೆಯಲ್ಲಿ ಕೋಟಿಲ್ಲ ಅಂತ ಗೊತ್ತಿರುವುದು ಟೀಚರ್‌ಗೆ — ರಿಟೈರ್ ಆಗಿದ್ದರೂ ಶಾಲೆ ಬಿಟ್ಟಿಲ್ಲ. ರಿಪೇರಿ ನಂದು. ಯೂನಿಫಾರಂ ಅಂಗಡಿಯಲ್ಲಿ ಅಷ್ಟು ವರ್ಷ ಹೊಲಿದ ಕೈ, ಸುಮ್ಮನಿರು ಅಂದರೆ ಇರುವುದಿಲ್ಲ.

ಅತ್ತಿಗೆ ನಮ್ಮಣ್ಣನ ಕೈ ಹಿಡಿದು ಮನೆಗೆ ಬಂದಾಗ ನಾನು ಎರಡು ಜಡೆಯ ಹುಡುಗಿ. ಈಗ ಮಂಡಿನೋವಿನ ಅಜ್ಜಿ. ಆದರೂ "ಏ ಚಿಕ್ಕವಳೇ!" — ಬೀದಿಗೆಲ್ಲ ಕೇಳುವ ಹಾಗೆ.

ಒಂದು ಜೇಬಿನಲ್ಲಿ ಅರ್ಧ ಚೀಪಿದ ಲಾಲಿಪಾಪ್ ಸಿಕ್ಕಿತು. ರಾತ್ರಿ ಮನೆಯಲ್ಲಿ ಇವರಿಗೆ, ನಮ್ಮ ಯಜಮಾನರಿಗೆ, ತೋರಿಸಿದೆ. "ಇದನ್ನೂ ರಿಪೇರಿ ಮಾಡ್ತೀಯಾ?" ಅಂದರು.

ಅಕ್ಟೋಬರ್ 7, ಮಂಗಳವಾರ

ಹಂಚಿ ಆಯಿತು. ಶಾಲೆಯ ಹಾಲ್‌ನಲ್ಲಿ, ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ. ನಿಂತು ನಿಂತು ಕಾಲು ಕಂಬವಾಗಿದೆ. ಮನಸ್ಸು ಮಾತ್ರ ಹಗುರ.

ಆಸ್ಪತ್ರೆ ಲಾಂಡ್ರಿಯಲ್ಲಿ ಕೆಲಸ ಮಾಡುವಾಕೆ ಮಗಳನ್ನು ಕರೆದುಕೊಂಡು ಬಂದಿದ್ದಳು. ಹುಡುಗಿ ಐದನೇ ಕ್ಲಾಸು. ನೀಲಿ ಕೋಟು, ಜೇಬಿನ ಮೇಲೆ ಬಟ್ಟೆಯ ಬಾತುಕೋಳಿ — ಅದನ್ನು ಹಾಕಿಕೊಂಡವಳು ಬಿಚ್ಚಲೇ ಇಲ್ಲ. ಹಾಲ್‌ನಲ್ಲಿ ಸೆಖೆ, ಹಣೆಯಲ್ಲಿ ಬೆವರು, ಆದರೂ ಕುತ್ತಿಗೆಯವರೆಗೆ ಜಿಪ್ಪು. ನಾನು ಹಾಕಿದ ಜಿಪ್ಪು. ಸರಸರ ಅಂತ ಹೋಯಿತು.

ಅಕ್ಟೋಬರ್ 17, ಶುಕ್ರವಾರ

ಮಧ್ಯಾಹ್ನ ಕೋಣೆಯಲ್ಲಿ ಒಬ್ಬಳೇ ಇದ್ದೆ. ಲಾಂಡ್ರಿಯಾಕೆ ಬಂದಳು. ಕೈಯಲ್ಲಿ ಪೇಪರ್ ಸುತ್ತಿದ ಗಂಟು. ಮೇಜಿನ ಮೇಲಿಟ್ಟಳು.

"ಇದು ವಾಪಸ್ಸು. ಒಗೆದಿದೀನಿ, ಇಸ್ತ್ರಿ ಹಾಕಿದೀನಿ. ಎಲ್ಲೂ ಹರಿದಿಲ್ಲ, ನೋಡ್ಕೊಳ್ಳಿ."

ನೀಲಿ ಕೋಟು. ಬಾತುಕೋಳಿಗೂ ಇಸ್ತ್ರಿ.

"ಯಾಕಮ್ಮ, ಸಣ್ಣದಾಯ್ತಾ?"

"ಸರಿಯಾಗೇ ಇತ್ತು." ಬಾಗಿಲ ಕಡೆ ನೋಡಿದಳು, ಹೋಗಲಿಲ್ಲ. ಸ್ಟೂಲು ಎಳೆದು ಕೊಟ್ಟೆ. ಕೂರಲಿಲ್ಲ. ನಿಂತೇ ಹೇಳಿದಳು — ಕ್ಲಾಸಿನಲ್ಲಿ ಒಂದು ಹುಡುಗಿ ಎಲ್ಲರ ಮುಂದೆ, "ಅಯ್ಯೋ, ಅದು ನನ್ನ ಹಳೇ ಕೋಟು! ಬಾತುಕೋಳಿ ನಮ್ಮಮ್ಮ ಹೊಲಿದಿದ್ದು!" ಅಂದಳಂತೆ. ಎಲ್ಲ ತಿರುಗಿ ನೋಡಿದರಂತೆ. ಮಗಳು ಸಂಜೆ ಕೋಟನ್ನು ಕೈಯಲ್ಲಿ ಹಿಡಿದುಕೊಂಡು, ನಡುಗುತ್ತಾ ಮನೆಗೆ ಬಂದಳಂತೆ. ಅಂದಿನಿಂದ ಶಾಲೆ ಅಂದರೆ ಹೊಟ್ಟೆನೋವು.

"ನಿಮ್ಮ ಮೇಲೆ ಸಿಟ್ಟಿಲ್ಲಮ್ಮ. ಇದು ಮನೇಲಿದ್ರೆ ಅವಳು ನೋಡ್ತಾ ಕೂರ್ತಾಳೆ, ಅದಕ್ಕೇ ತಂದೆ."

ಹೋದಳು. ಜಿಪ್ಪು ಸೂಜಿ ಹಾಗೇ ಬಿಟ್ಟು ಕೂತೆ.

ಬಾತುಕೋಳಿ ಯಾರು ಹೊಲಿದದ್ದು ಅಂತ ನನಗೆ ಗೊತ್ತು. ಅತ್ತಿಗೆಯ ಸೊಸೆ. ಕ್ಲಾಸಿನ ಆ ಹುಡುಗಿ ಅತ್ತಿಗೆಯ ಮೊಮ್ಮಗಳು.

ಅಕ್ಟೋಬರ್ 18, ಶನಿವಾರ

ಹೇಳಿದೆ. ಹೇಳಬಾರದಿತ್ತೇನೋ. ಹೇಳದೆ ಇರಲು ಆಗಲಿಲ್ಲ.

ಅತ್ತಿಗೆಯ ಮುಖ ಕೆಂಪಾಯಿತು. "ಕೊಟ್ಟಿದ್ದನ್ನ ವಾಪಸ್ ತಂದು ಮುಖಕ್ಕೆ ಹಿಡೀತಾಳೆ ಅಂದ್ರೆ! ಎಷ್ಟು ಜಂಬ!"

"ಜಂಬ ಅಲ್ಲ ಅತ್ತಿಗೆ. ನಾಚಿಕೆ."

"ಹಾಗಾದ್ರೆ ನಮ್ಮ ಮಗು ಸುಳ್ಳು ಹೇಳ್ಬೇಕಿತ್ತಾ? ಇದ್ದಿದ್ದನ್ನ ಇದ್ದ ಹಾಗೆ ಹೇಳ್ತು."

ಟೀಚರ್ ನಡುವೆ ಬಂದರು — ಈ ಶಾಲೆಯ ಕೋಟು ಆ ಶಾಲೆಗೆ, ಆ ಶಾಲೆಯದು ಇಲ್ಲಿಗೆ ಕೊಟ್ಟರೆ? "ಇರೋದು ಒಂದೇ ಮೈದಾನ, ಒಂದೇ ಬಸ್‌ಸ್ಟಾಪು. ಎಲ್ಲ ಮಕ್ಕಳೂ ಅಲ್ಲೇ ಸೇರ್ತಾವೆ," ಅಂದರು ಬೇಕರಿಯಮ್ಮ. ಅದೂ ನಿಜ.

ಅತ್ತಿಗೆ ಚೀಲ ತೆಗೆದುಕೊಂಡು ಎದ್ದರು. "ಇಷ್ಟು ವರ್ಷ ಮನೆಮನೆ ಬಾಗಿಲು ತಟ್ಟಿದ್ದಕ್ಕೆ ಒಳ್ಳೇ ಹೆಸರು ಬಂತು. ನೀನೇ ಮಾಡ್ಕೋ ಚಿಕ್ಕವಳೇ." ಬಾಗಿಲು ದಡಾರ್. ಹೊರಗಿನ ಟ್ರೇಯಲ್ಲಿ ಬನ್ನುಗಳೂ ಹಾರಿದವಂತೆ.

ಅಕ್ಟೋಬರ್ 21, ಮಂಗಳವಾರ

ಮೂರು ದಿನದಿಂದ ಅತ್ತಿಗೆಯ ಫೋನಿಲ್ಲ. ಕಿವಿಗೆ ಆರಾಮು, ಮನಸ್ಸಿಗಿಲ್ಲ.

ಇವತ್ತು ನೀಲಿ ಕೋಟಿಗೆ ಕತ್ತರಿ ಹಾಕಿದೆ. ಒಳ್ಳೆಯ ಕೋಟಿಗೆ. ಕಣ್ಣು ಮುಚ್ಚಿಕೊಂಡೇ ಮೊದಲ ಕಚ್. ತೋಳು ಬಿಚ್ಚಿದೆ, ಜೇಬು ಬಿಚ್ಚಿದೆ, ಕಾಲರ್ ಬಿಚ್ಚಿದೆ. ಯಾರೋ ಕೊಟ್ಟಿದ್ದ ದೊಡ್ಡವರ ಮರೂನ್ ಕೋಟನ್ನು ಕತ್ತರಿಸಿ ಹೊಸ ತೋಳು. ಇನ್ಯಾವುದೋ ಕೋಟಿನ ಚೌಕಳಿ ಲೈನಿಂಗು ಕಾಲರ್‌ಗೆ.

ಯೂನಿಫಾರಂ ಅಂಗಡಿಯಲ್ಲಿ ಒಂದು ಸುಖವಿತ್ತು. ಅಳತೆ ತೆಗೆಯುವಾಗ ಯಾರ ಮಗು ಅಂತ ಗೊತ್ತಿರುತ್ತಿತ್ತು — ಜೂನಿಯರ್ ಇಂಜಿನಿಯರ್‌ದು, ಗಾರೆಯವನದು. ಹಾಕಿಕೊಂಡು ಸಾಲಿನಲ್ಲಿ ನಿಂತ ಮೇಲೆ ಗೊತ್ತಾಗುತ್ತಿರಲಿಲ್ಲ. ಅದೇ ತಲೆಯಲ್ಲಿ ಓಡುತ್ತಿತ್ತು.

ಸಂಜೆ ಇವರು ಗುಂಡಿ ಹೊಲಿದು ಕೊಟ್ಟರು. ಬಸ್ಸಿನ ಸ್ಟಿಯರಿಂಗ್ ಹಿಡಿದ ಕೈಗೆ ಸೂಜಿ ಚೆನ್ನಾಗಿ ಒಗ್ಗಿದೆ. ಕೋಟನ್ನು ಎತ್ತಿ ಹಿಡಿದು ನೋಡಿದರು.

"ಇದು ಕೋಟೋ, ಸಮ್ಮಿಶ್ರ ಸರ್ಕಾರವೋ?"

"ಚೆನ್ನಾಗಿಲ್ವಾ?"

"ಬೀಳಲ್ಲ ಅನ್ಸತ್ತೆ."

ಅಕ್ಟೋಬರ್ 24, ಶುಕ್ರವಾರ

ಟೀಚರ್ ಕೋಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೇಕರಿಯಮ್ಮ, "ನನ್ನ ಸೈಜಿಗೆ ಒಂದು ಬೇಕು. ತಮಾಷೆ ಅಲ್ಲ, ಅಳತೆ ತಗೋ," ಅಂದರು.

ಮುಂದಿನ ಕಂತು ಕೋಟುಗಳನ್ನೆಲ್ಲ ಬಿಚ್ಚಿಯೇ ಹೊಲಿಯುವುದು ಅಂತ ತೀರ್ಮಾನ. ಎಲ್ಲ ಸರಿ. ಹಂಚುವಾಗ? ಮತ್ತೆ ಹಾಲ್‌ನಲ್ಲಿ ಸಾಲು ನಿಲ್ಲಿಸಿದರೆ, ಸಾಲಿನಲ್ಲಿ ನಿಂತವರ್ಯಾರು ಅಂತ ಇಡೀ ಊರಿಗೆ ಗೊತ್ತಾಗುತ್ತದೆ. ಮೂವರೂ ಟೀ ಆರಿಸಿಕೊಂಡು ಕೂತೆವು. ಇಂಥದ್ದಕ್ಕೆಲ್ಲ ದಾರಿ ಹುಡುಕುವ ತಲೆ ಮನೆಯಲ್ಲಿ ಮುನಿಸಿಕೊಂಡು ಕೂತಿದೆ.

ಅಕ್ಟೋಬರ್ 27, ಸೋಮವಾರ

ಅತ್ತಿಗೆ ಬಂದರು.

"ಚಿಕ್ಕವಳೇ" ಅನ್ನಲಿಲ್ಲ. ಕೂತರು. ಕನ್ನಡಕ ಒರೆಸಿಕೊಂಡರು. ಬೇಕರಿಯಮ್ಮ ಓವನ್ ನೋಡುವ ನೆಪದಲ್ಲಿ ಬಾಗಿಲ ಹಿಂದೆ ನಿಂತದ್ದು ನನಗೆ ಕಾಣುತ್ತಿತ್ತು.

"ಮೊಮ್ಮಗಳನ್ನ ಕೇಳ್ದೆ. ಯಾಕೆ ಪುಟ್ಟಿ ಹಾಗಂದೆ ಅಂತ. 'ಖುಷಿಯಾಯ್ತು ಅಜ್ಜಿ, ಅದು ಅವಳಿಗೆ ನನಗಿಂತ ಚೆನ್ನಾಗಿ ಒಪ್ಪಿತ್ತು' ಅಂದ್ಳು. ಅವಳಿಗೆ ಬೇಜಾರಾಗಿದೆ ಕಣೇ ಅಂದೆ. ಊಟ ಬಿಟ್ಟು ಅತ್ತಳು."

ಕನ್ನಡಕ ಮತ್ತೆ ಮೂಗಿಗೇರಿಸಿದರು.

"ನಮ್ಮ ಮಗೂದೂ ತಪ್ಪಿಲ್ಲ, ಅವರ ಮಗೂದೂ ತಪ್ಪಿಲ್ಲ. ಆದ್ರೂ ಒಂದು ಮಗು ಶಾಲೆ ಬಿಟ್ಟು ಮನೇಲಿ ಕೂತಿದೆ. ಅಂದ್ಮೇಲೆ ನಾವು ಕೊಡೋ ರೀತೀಲೇ ಏನೋ ಐಬಿದೆ." ಮೇಜಿನ ಮೇಲಿನ ಕೋಟು ಎಳೆದುಕೊಂಡರು. "ನಂಗೆ ಹೊಲಿಯೋಕೆ ಬರಲ್ಲ, ನಿಂಗೇ ಗೊತ್ತು. ಬಿಚ್ಚೋದೇನಾದ್ರೂ ಇದ್ರೆ ಕೊಡು."

ಕೊಟ್ಟೆ. ಒಂದು ತೋಳು ಬಿಚ್ಚುವಷ್ಟರಲ್ಲಿ ಹಳೆಯ ಅತ್ತಿಗೆ ವಾಪಸ್. ಎರಡನೇ ತೋಳಿಗೆ ಐಡಿಯಾ ಬಂತು.

"ಹಂಚೋದು ಬೇಡ. ಮಾರೋಣ. ಎಲ್ಲರಿಗೂ, ಸಾಹುಕಾರರಿಗೂ. ದುಡ್ಡು ಯಾರೂ ತರೋ ಹಾಗಿಲ್ಲ, ಚೀಟಿ ಮಾತ್ರ. ಕೈಲಾಗೋರು ಮುಂಚೇನೇ ಬೇಕರೀಲಿ ಚೀಟಿ ಕೊಳ್ಳಲಿ. ಇಲ್ಲದವರ ಮನೆಗೆ ಟೀಚರ್ ಸದ್ದಿಲ್ಲದೆ ಅದೇ ಚೀಟಿ ತಲುಪಿಸ್ತಾರೆ. ಅದೇ ಬಣ್ಣ, ಅದೇ ಕಾಗದ. ಬಂದ ದುಡ್ಡಲ್ಲಿ ಮಕ್ಕಳಿಗೆ ಶೂ ತಗೊಳ್ಳೋಣ."

ಬಾಗಿಲ ಹಿಂದಿನಿಂದ ಚಪ್ಪಾಳೆ.

ನವೆಂಬರ್ 9, ಭಾನುವಾರ

ಬರೆಯಲು ಪುರುಸೊತ್ತಿಲ್ಲ. ಮೆಷಿನ್ನು ಬಿಸಿಯಾಗಿ ವಾಸನೆ ಬರುತ್ತಿದೆ. ನಾನೂ ಅಷ್ಟೇ.

ಕಳೆದ ವಾರ ಅತ್ತಿಗೆ ಲಾಂಡ್ರಿಯಾಕೆಯ ಮನೆಗೆ ಹೋದರು, ನನ್ನನ್ನೂ ಎಳೆದುಕೊಂಡು. ದಾರಿಯುದ್ದಕ್ಕೂ ಏನು ಹೇಳಲಿ, ಹೇಗೆ ಹೇಳಲಿ. ಬಾಗಿಲು ತೆಗೆದ ತಕ್ಷಣ ಎಲ್ಲ ಮರೆತು, "ನಾನು ಆ ಹುಡುಗಿ ಅಜ್ಜಿ," ಅಂದರು. ಆಕೆ ಅತ್ತಿಗೆಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ, "ಒಳಗೆ ಬನ್ನಿ, ಗಾಳಿ ಬರ್ತಿದೆ," ಅಂದಳು.

ಹುಡುಗಿ ಈಗ ಶಾಲೆಗೆ ಹೋಗುತ್ತಿದ್ದಾಳೆ — ಎರಡು ಸ್ವೆಟರು, ಒಂದರ ಮೇಲೊಂದು. ಅತ್ತಿಗೆಯ ಮೊಮ್ಮಗಳು ಪಕ್ಕದಲ್ಲಿ ಬಂದು ಕೂತು ಏನೂ ಹೇಳದೆ ಪೆನ್ಸಿಲ್ ಕೊಟ್ಟಳಂತೆ. ಇವಳು ತೆಗೆದುಕೊಳ್ಳಲಿಲ್ಲವಂತೆ. ಮಾರನೇ ದಿನ ತೆಗೆದುಕೊಂಡಳಂತೆ.

ಅತ್ತಿಗೆ ಕೇಳಿಯೇಬಿಟ್ಟರು — ಹೊಲಿದದ್ದೆಲ್ಲ ಸುಕ್ಕು, ಇಸ್ತ್ರಿಗೆ ಕೈ ಸಾಲುತ್ತಿಲ್ಲ, ಬರುತ್ತೀಯಾ?

ಬಂದಳು. ಡ್ಯೂಟಿ ಮುಗಿಸಿ, ದಿನಾ ಒಂದು ಗಂಟೆ. "ಬೇರೇ ಕೆಲಸ ಇದ್ರೆ ಹೋಗಮ್ಮ," ಅಂದರೆ, "ಸಾಲಲ್ಲಿ ನಿಲ್ಲೋದಕ್ಕಿಂತ ಇಸ್ತ್ರಿಪೆಟ್ಟಿಗೆ ಮುಂದೆ ನಿಲ್ಲೋದು ಸುಲಭ," ಅಂದಳು. ನಗುತ್ತಾ ಅಂದಳು. ನಾನೂ ನಕ್ಕೆ. ರಾತ್ರಿವರೆಗೂ ಆ ಮಾತು ಕಿವಿಯಲ್ಲಿತ್ತು.

ನವೆಂಬರ್ 22, ಶನಿವಾರ

ರಂಪ. ಡಾಕ್ಟರ ಹೆಂಡತಿ ಬೇಕರಿಗೆ ಬಂದವರು ಹಿಂದೆ ಇಣುಕಿದರು. ಅವರು ಕೊಟ್ಟ ಬೂದು ಕೋಟು ಅರ್ಧ ಒಂದು ಕಡೆ, ಅರ್ಧ ಇನ್ನೊಂದು ಕಡೆ.

"ಹೊಸದರ ಹಾಗಿತ್ತು! ಕೊಚ್ಚಿ ಹಾಕಿದೀರಲ್ಲ!"

ನಾನು ಕತ್ತರಿ ಕೆಳಗಿಟ್ಟೆ. ಟೀಚರ್ ಕೆಮ್ಮಿದರು. ಅತ್ತಿಗೆ ಮಾತ್ರ ಎದ್ದು, ಒಳಗಿನ ಮೊಳೆಯಲ್ಲಿ ನೇತುಹಾಕಿದ್ದ ತಮ್ಮದೇ ಕಂದು ಕೋಟು ತಂದು ಮೇಜಿನ ಮೇಲೆ ಹಾಸಿದರು. ಅಣ್ಣ ಕೊಡಿಸಿದ್ದು. ಉಣ್ಣೆ. ಚಳಿಗಾಲದಲ್ಲಿ ಅವರನ್ನು ಬೇರೆ ಕೋಟಿನಲ್ಲಿ ನಾನು ನೋಡೇ ಇಲ್ಲ.

"ಚಿಕ್ಕವಳೇ, ಇದನ್ನೂ ಕತ್ತರಿಸು. ಇವರ ಎದುರಿಗೇ."

"ಅತ್ತಿಗೆ, ನಿಮಗೆ ಚಳಿಗೆ...?"

"ನಿಮ್ಮಣ್ಣನಿಗೆ ಹೇಳ್ತೀನಿ, ಇನ್ನೊಂದು ಕೊಡಿಸ್ತಾರೆ. ಹಾಕು ಕತ್ತರಿ."

ಹಾಕಿದೆ. ಡಾಕ್ಟರ ಹೆಂಡತಿ ನೋಡುತ್ತಾ ನಿಂತರು. ಅತ್ತಿಗೆ ಅವರಿಗೆ ಸ್ಟೂಲು ಕೊಟ್ಟು, ಬಾತುಕೋಳಿಯ ಕಥೆ ಹೇಳಿದರು — ಮೊಮ್ಮಗಳದೂ ಸೇರಿಸಿ, ಯಾರ ಮನೆ ಅನ್ನುವುದು ಮಾತ್ರ ಬಿಟ್ಟು. ಟೀ ಬಂತು. ಹೋಗುವಾಗ ಅವರ ಕೈಯಲ್ಲಿ ಚೀಟಿಯ ಒಂದು ಕಟ್ಟೇ ಇತ್ತು. ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಮಾರುತ್ತಾರಂತೆ. ಅತ್ತಿಗೆಯ ಮುಂದೆ ಯಾವ ಡಾಕ್ಟರು!

ನವೆಂಬರ್ 29, ಶನಿವಾರ, ಸಂಜೆ

ಕಾಲು ಬಿಸಿನೀರಿನಲ್ಲಿ. ಮಡಿಲ ಮೇಲೆ ಪುಸ್ತಕ.

ಶಾಲೆಯ ಹಾಲ್ ತುಂಬಿ ಹೊರಗೂ ಜನ. ಸಾಲಿಲ್ಲ, ಮೇಜಿಲ್ಲ. ಉದ್ದಕ್ಕೆ ಕಂಬಿಗಳು, ಕಂಬಿಯ ತುಂಬ ಕೋಟು. ಹಸಿರಿಗೆ ಬೂದು ತೋಳು, ಕಪ್ಪಿಗೆ ಹಳದಿ ಟೋಪಿ. ಎಲ್ಲರೂ ಒಂದೇ ಕಂಬಿಯಲ್ಲಿ ಕೈಯಾಡಿಸುತ್ತಿದ್ದರು — ಬ್ಯಾಂಕಿನವರು, ಗಾರೆಯವನ ಹೆಂಡತಿ, ಶಾಲೆಯ ಜವಾನ, ಡಾಕ್ಟರ ಹೆಂಡತಿ. ಬಾಗಿಲಲ್ಲಿ ಇವರು ಚೀಟಿ ಇಸಿದುಕೊಳ್ಳುತ್ತಿದ್ದರು. "ಮುಂದೆ ಹೋಗಿ, ಮುಂದೆ ಹೋಗಿ, ಹಿಂದಿನೋರಿಗೆ ಜಾಗ ಬಿಡಿ" — ಪಕ್ಕಾ ಬಸ್ಸಿನ ಗತ್ತು.

ನೀಲಿ-ಮರೂನ್ ಯಾರು ತೆಗೆದುಕೊಂಡರೋ ನೋಡಲೇ ಇಲ್ಲ. ತಿರುಗಿ ನೋಡುವಷ್ಟರಲ್ಲಿ ಖಾಲಿ ಹ್ಯಾಂಗರು.

ಲಾಂಡ್ರಿಯಾಕೆಯ ಮಗಳು ಬಹಳ ಹೊತ್ತು ಆರಿಸಿದಳು. ಕೆಂಪು ಮೈ, ಕಂದು ತೋಳು. ಕನ್ನಡಿಯ ಮುಂದೆ ನಿಂತಿದ್ದಳು. ಅತ್ತಿಗೆಯ ಮೊಮ್ಮಗಳು ಪಕ್ಕ ಬಂದು ನಿಂತಳು. ಏನೂ ಅನ್ನಬೇಡವೇ ತಾಯಿ, ಏನೂ ಅನ್ನಬೇಡ.

ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದಳು. ಕಣ್ಣು ಮಾತ್ರ ತೋಳಿನ ಮೇಲೆ.

ಲಾಂಡ್ರಿಯ ಹುಡುಗಿಯೇ ಬಾಯಿಬಿಟ್ಟಳು. "ಗೊತ್ತು ಬಿಡೇ. ಈ ಕೈ ನಿಮ್ಮ ಅಜ್ಜೀದು. ಅಮ್ಮ ಇಸ್ತ್ರಿ ಮಾಡುವಾಗ ನೋಡಿದೀನಿ."

"ಅಜ್ಜಿ ಕೈ ಹುಷಾರು ಕಣೇ, ಕಿವಿ ಹಿಂಡತ್ತೆ!"

ಇಬ್ಬರೂ ನಕ್ಕದ್ದು ನಕ್ಕದ್ದೇ. ಬಿದ್ದು ಬಿದ್ದು. ಆಚೆ ಕಂಬಿಯ ಹತ್ತಿರ ಲಾಂಡ್ರಿಯಾಕೆ ಕೋಟಿನ ಮಡಿಕೆ ಸರಿಮಾಡುತ್ತಾ, ಬೆನ್ನು ತಿರುಗಿಸಿಕೊಂಡು ನಿಂತಿದ್ದಳು. ಮಡಿಕೆ ಆಗಲೇ ಸರಿಯಿತ್ತು.

ಅತ್ತಿಗೆ ಅಣ್ಣನ ಹಳೆಯ ಜಾಕೆಟ್ಟಿನಲ್ಲಿ ಓಡಾಡುತ್ತಿದ್ದರು, ತೋಳು ಮಡಚಿಕೊಂಡು. ಅಣ್ಣನಿಗೆ ಇನ್ನೂ ಹೇಳಿಲ್ಲವಂತೆ. "ಗಂಡಸರು, ಅವರಿಗೆಲ್ಲಿ ಗೊತ್ತಾಗತ್ತೆ."

ಶೂಗಳಿಗೆ ಸಾಕಾಗುತ್ತದೆ ಅಂದರು ಟೀಚರ್. ಎಲ್ಲರಿಗೂ.

ನೀರು ಆರಿತು. ಏಳಲು ಮನಸ್ಸಿಲ್ಲ.

ಡಿಸೆಂಬರ್ 2, ಮಂಗಳವಾರ, ಬೆಳಗ್ಗೆ

ಚಳಿ ಬಿತ್ತು. ಕಿಟಕಿಯ ಗಾಜು ಮಂಜು. ಬಟ್ಟೆಯಲ್ಲಿ ಒರೆಸಿ, ಕಾಫಿ ಹಿಡಿದು ನಿಂತೆ. ಇವರು, "ಸಿನಿಮಾ ಶುರುವಾಯ್ತಾ?" ಅಂದರು. ಆಯಿತು.

ಶಾಲೆಯ ಹೊತ್ತು. ಬೀದಿ ತುಂಬ ಕೋಟುಗಳು. ಯಾವುದು ಕೊಂಡದ್ದು, ಯಾವುದು ಹಾಗೇ ಬಂದದ್ದು — ಹೊಲಿದ ನನಗೇ ಗೊತ್ತಾಗುತ್ತಿಲ್ಲ. ಕೆಲವಂತೂ ನನ್ನವೋ ಅಂಗಡಿಯವೋ ಅನ್ನುವುದೂ. ಅಂಗಡಿಯವರೂ ಈಗ ಎರಡು ಬಣ್ಣದ್ದು ಇಡುತ್ತಿದ್ದಾರಂತೆ, ಬೇಕರಿಯಮ್ಮನ ಸುದ್ದಿ.

ಅಗೋ, ಹಳದಿ ಟೋಪಿಯ ಪುಟಾಣಿ. ತೋಳು ಉದ್ದವಾಯಿತೇನೋ ಅಂತ ನಿದ್ದೆಗೆಟ್ಟಿದ್ದೆ. ಆಗಿದೆ, ಕೈಯೇ ಕಾಣಿಸುತ್ತಿಲ್ಲ. ಅದಕ್ಕೇನು ಅವನಿಗೆ, ಎರಡೂ ತೋಳು ರೆಕ್ಕೆಯ ಹಾಗೆ ಬಡಿದುಕೊಂಡು ಇಳಿಜಾರಿನಲ್ಲಿ ಓಡುತ್ತಿದ್ದಾನೆ, ಹಿಂದೆ ಅವರಮ್ಮ ನಿಲ್ಲೋ ನಿಲ್ಲೋ ಅಂತ, ನಿಲ್ಲುವುದೇ ಇಲ್ಲ, ಇನ್ನೇನು ತಿರುವು, ನೋಡಿ ಬನ್ನಿ ಇಲ್ಲಿ ಅಂತ ಇವರನ್ನು ಕರೆದೆ, ಬರುವಷ್ಟರಲ್ಲಿ ಹಳದಿ ಟೋಪಿ ತಿರುವು ದಾಟಿ ಮಾಯ.