ದೊಡ್ಡಮ್ಮನ ಸೋಬಾನೆ

ಲೋಹಿತ, ಮೊದಲ ಬಸ್ಸಿಗೆ ಮಾದಾಪುರಕ್ಕೆ ಹೊರಟೆ. ಅಮ್ಮ ಕೇಳಬೇಕು ಅಂದ, ದೊಡ್ಡಮ್ಮ ಹಾಡಿದ ಕ್ಯಾಸೆಟ್ಟು ಅವಳ ಜೊತೆ ಹಾಡುತ್ತಿದ್ದ ಗೌರಕ್ಕನ ಮನೆಯಲ್ಲಿ ಒಂದು ಉಳಿದಿರಬಹುದಂತೆ.

ಅಮ್ಮನ ತುಟಿಗೆ ಹತ್ತಿಯಲ್ಲಿ ನೀರು ಒತ್ತುತ್ತಿರು. ಕುಡಿಸಬೇಡ, ನೆತ್ತಿಗೇರುತ್ತದೆ.

“ಎಲ್ಲಾ ಮೊಬೈಲಲ್ಲೇ ಸಿಗ್ತದೆ ಕಣಕ್ಕ, ಇನ್ನೂ ಕ್ಲಿಯರಾಗಿ” ಅಂತ ನಮ್ಮ ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಿದವನು ನೀನು, ಹೂಂ ಅಂದವಳು ನಾನು. ಆ್ಯಪಿನವರು ಹೀಗೆ ಒಂದು ದಿನ ಹಾಡು ತೆಗೆದುಹಾಕಿದರೆ ಸತ್ತ ದೊಡ್ಡಮ್ಮನ ದನಿ ಇನ್ನೆಲ್ಲಿ ಸಿಗುತ್ತದೆ ಅಂತ ಇಬ್ಬರಿಗೂ ಹೊಳೆಯಲಿಲ್ಲ.

ನಿನ್ನೆಯಂತೆ ಬೇರೆ ಯಾರದೋ ಸೋಬಾನೆ ಹಾಕಿ ನಂಬಿಸಬೇಡ ಮಾರಾಯ. “ಇವ್ಳು ನಮ್ಮಕ್ಕ ಅಲ್ಲ ಕಣೋ, ಯಾರ್ನ ಕರ್ಕಂಡ್ ಬಂದ್ರಿ?” ಅಂದು ಗೋಡೆಯ ಕಡೆ ತಿರುಗಿದ ಅಮ್ಮ ಆಮೇಲೆ ಮಾತೇ ಆಡಿಲ್ಲ.

ಪಕ್ಕದ ಮನೆಯಿಂದ ಟೇಪ್ ರೆಕಾರ್ಡರ್ ತಂದು ಸೆಲ್ ಹಾಕಿಡು. ನಾನು ಬರುವಷ್ಟರಲ್ಲಿ ಉಸಿರು ನಿಂತಿದ್ದರೂ ಎತ್ತುವ ಮುಂಚೆ ಒಂದು ಸಲ ಕೇಳಿಸೋಣ. ಸಾವಿನ ಮನೆಯಲ್ಲಿ ಮದುವೆ ಹಾಡು ಹಾಕಿದರು ಅಂತ ಊರು ಆಡಿಕೊಂಡರೆ ಆಡಿಕೊಳ್ಳಲಿ.

ಅಕ್ಕ