ಅತ್ತೆಯ ಮರದಿಂದ ಮೂರು ಕಡ್ಡಿ

ಜೂನ್ 9
ಮತ್ತೊಂದು ನರ್ಸರಿ. ಐದನೇದು. ಮೆಡಿಕಲ್ ಶಾಪ್‌ಗೆ ಅರ್ಧ ದಿನ ರಜೆ ಹಾಕಿ ಬಿಸಿಲಲ್ಲಿ ಬಸ್ಸು. ಚೀಟಿ ತಗಲಿಸಿದ ಮಾವಿನ ಸಸಿಗಳೇನೋ ಸಾಲುಸಾಲು. ಯಾವುದು ತೋರಿಸಿದ್ರೂ ಅದೇ ಜಾತಿ ಮೇಡಂ ಅಂತಾನೆ ಪುಣ್ಯಾತ್ಮ. ಒಂದೆಲೆ ತಂದು ಅತ್ತೆಗೆ ಕೊಟ್ಟೆ. ಕಿವುಚಿ, ಮೂಸಿ, ಕಿಟಕಿಯಾಚೆ ಎಸೆದ್ರು.

ಹಿತ್ತಲಿನ ಮಾವಿನ ಮರದ ಬೇರು ಚರಂಡಿ ಪೈಪ್ ಒಡೆದಿದೆ. 22ಕ್ಕೆ ಕಡೀತಾರೆ. ಅತ್ತೆ ನೆಟ್ಟಿದ್ದು. ಸಿಪ್ಪೆ ಹಸಿರು, ಒಳಗೆ ಕೆಂಡ... ಅಂಥ ಹಣ್ಣು ಇನ್ನೆಲ್ಲೂ ತಿಂದಿಲ್ಲ. ಅದೇ ಗಿಡ ತಂದುಕೊಡ್ತೀನಿ ಅಂತ ಮಾತು ಕೊಟ್ಟು ಕೂತಿದೀನಿ. ನನ್ನ ಬಾಯಿ ಸುಮ್ಮನಿರಲ್ವಲ್ಲ.

ಜೂನ್ 10
ಶಾಪಿಗೆ ಬಿಪಿ ಮಾತ್ರೆಗೆಂದು ಬಂದ ಹಿರಿಯರು — ನಲವತ್ತು ವರ್ಷ ಕಸಿ ಕಟ್ಟಿದವರಂತೆ, ಎಲ್ಲರಿಗೂ ಕಸಿಯಜ್ಜ. ನನ್ನ ಗೋಳು ಕೇಳಿ ನಕ್ಕರು. "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕ್ತಿದೀಯಲ್ಲಮ್ಮ."

ಹಣ್ಣಿನ ಓಟೆ ಹೂತ್ರೆ ಬರೋದು ಮರದ ಮಗು, ಯಾರನ್ನ ಹೋಲುತ್ತೋ ಗೊತ್ತಿಲ್ಲ. ಆ ಮರದ್ದೇ ಕಡ್ಡಿ ಕತ್ತರಿಸಿ ಬೇರೆ ಸಸಿಗೆ ಕಸಿ ಮಾಡಿದ್ರೇನೇ ಅದೇ ಹಣ್ಣು. ಕೆಳಗಿನ ಬುಡಕ್ಕೆ ನಮ್ಮ ಕಸದ ಗುಂಡೀಲಿ ಮೊಳೆತ ಮಾವಿನ ಸಸಿಗಳೇ ಸಾಕಂತೆ. ಹತ್ತು ದಿನ ಮೊದಲು ಕೊಂಬೆ ತುದಿಯ ಎಲೆ ಕತ್ತರಿಸಿ ತೆಗೀಬೇಕು, ತೊಟ್ಟು ಹಾಗೇ ಉಳಿಸಿ. ಆಗ ಮೊಗ್ಗು ಉಬ್ಬುತ್ತಂತೆ.

ಜೂನ್ 11
ಏಣಿ ಹತ್ತಿ ಇಪ್ಪತ್ತು ತುದಿ ಬೋಳಿಸಿದೆ. ಸೊಂಟ ಹೋಯ್ತು.

ಜೂನ್ 21
ಅಜ್ಜ ಬಂದ್ರು. ನೋಡಿದ್ದೇ ಮುಖ ಸಪ್ಪಗಾಯ್ತು. ಅವಸರದಲ್ಲಿ ತೊಟ್ಟು ಸಮೇತ ಎಳೆದು ಕಿತ್ತಿದೀನಿ. ಮೊಗ್ಗುಗಳೆಲ್ಲ ಗಾಯವಾಗಿ ಒಣಗಿವೆ. ಇಪ್ಪತ್ತೂ. ನಾಳೆ ಮರ ಬೀಳುತ್ತೆ. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ಅತ್ತೆ ತಣ್ಣಗೆ ಅಂದ್ರು, "ಕೆಳಗಿನ ಕೊಂಬೇಲಿ ಮೂರು ನೋಡಿ. ಇವಳು ಎಳೆಯೋ ಭರಾಟೆ ನೋಡಿ, ಅವತ್ತೇ ಕತ್ತರೀಲಿ ನಾನು ಎಲೆ ಬಿಡಿಸಿಟ್ಟಿದೀನಿ."

ಅಜ್ಜ ಸಸಿಯ ತಲೆ ಕತ್ತರಿಸಿ, ನಡುವೆ ಸೀಳಿ, ಕಡ್ಡೀನ ಬೆಣೆ ಥರ ಚೂಪು ಮಾಡಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿದ್ರು. ಒಂದಕ್ಕೆ ಎರಡು ನಿಮಿಷ.

ಜೂನ್ 22
ಮರ ಬಿತ್ತು. ಅತ್ತೆ ಹೊರಗೆ ಬರಲಿಲ್ಲ. ನಾನು ಡ್ಯೂಟಿ ನೆಪ ಹೇಳಿ ಓಡಿಹೋದೆ.

ಜುಲೈ 3
ಒಂದು ಕಡ್ಡಿ ಕಪ್ಪಾಯ್ತು.

ಜುಲೈ 7
ಇನ್ನೊಂದೂ. ಅತ್ತೆಗೆ ಹೇಳಿಲ್ಲ. ಅವರ ಕಣ್ಣು ತಪ್ಪಿಸೋದುಂಟಾ, ನೋಡೇ ಇರ್ತಾರೆ.

ಜುಲೈ 13, ಬೆಳಗ್ಗೆ 6.20
ಮೂರನೇದರ ತುದಿ ಸೀಳಿ ಕೆಂಪು ಚಿಗುರು. ಸಾಸಿವೆಯಷ್ಟು. ಕಡಿದ ಮರದ ಸೌದೆ ಅಲ್ಲೇ ಒಣಗಿ ಬಿದ್ದಿದೆ, ಇಲ್ಲಿ ಇದು ಕಣ್ಣು ಬಿಡ್ತಿದೆ. ನೋಡ್ತಾ ನಿಂತುಬಿಟ್ಟೆ. ಇಷ್ಟು ವರ್ಷ ಬದುಕಿ ಇಂಥದ್ದೊಂದು ನೋಡಿರಲಿಲ್ಲ.

ಅತ್ತೆ ಬಂದು ಕುಕ್ಕರಗಾಲಲ್ಲಿ ಕೂತು ನೋಡಿದ್ರು. ಆಮೇಲೆ ಬಾಯಿ ಬಿಟ್ರು — ಕಡಿದ ಮರವೂ ಅವರತ್ತೆಯ ಮರದ ಕಡ್ಡಿಯಿಂದಲೇ ಬಂದಿದ್ದಂತೆ. ಅದಕ್ಕೂ ಹಿಂದೆ ಆ ಅತ್ತೆಯ ಅತ್ತೇದು. ಈಗ ಕಸಿ ಕಟ್ಟೋರು ಯಾರೂ ಉಳಿದಿಲ್ಲ ಅಂದ್ಕೊಂಡು ಸುಮ್ಮನಿದ್ರಂತೆ.

ಹಾಗಾದ್ರೆ ಒಟ್ಟು ಎಷ್ಟು ಮರ ಆಯ್ತು ಅಂತ ಕೇಳಿದೆ.

"ಎಷ್ಟು ಅಂದ್ರೆ? ಒಂದೇ ಕಣೇ."

ಒಂದೇ. ಅವರ್ಯಾರನ್ನೂ ನಾನು ಕಂಡಿಲ್ಲ, ಹಣ್ಣು ಮಾತ್ರ ತಿಂದಿದೀನಿ. ಅತ್ತೆಯಿಂದ ಸೊಸೆಗೆ, ಆ ಸೊಸೆಯಿಂದ ಇನ್ನೊಬ್ಬ ಸೊಸೆಗೆ, ಈಗ ನನ್ನ ಕೈಗೆ.