ಬೇಲಿಯ ಮೇಲಿನ ಎರಡು ಹೀರೆ

ಆಗಸ್ಟ್ 4

ಜ್ವರ ಬಿಟ್ಟ ಮೇಲೆ ಇವತ್ತೇ ಹಿತ್ತಲಿಗೆ ಇಳಿದದ್ದು. ಗೋಡೆ ಹಿಡಿದೇ ನಡೆಯಬೇಕು. ಆದರೂ ಇಳಿದೆ. ತಂತಿ ಬೇಲಿ ಕಾಣುವುದೇ ಇಲ್ಲ. ಮಳೆಗೆ ಸೊಕ್ಕಿದ ಬಳ್ಳಿಗಳು ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿವೆ.

ಗುಬ್ಬಿ ಬುಟ್ಟಿ ಹಿಡಿದು ಹಿಂದೆಯೇ ಬಂದಳು. ತಮ್ಮನ ಹೆಂಡತಿ. ಮದುವೆಯಾಗಿ ಬಂದ ದಿನ ನಾನಿಟ್ಟ ಹೆಸರು. ಕೂದಲು ಬೆಳ್ಳಗಾದರೂ ಅದೇ ಉಳಿದಿದೆ. ತೊಂಡೆಕಾಯಿ ಅಂದುಕೊಂಡು ಒಂದಕ್ಕೆ ಕೈ ಹಾಕಿದಳು. ಆ ಕೈಗೆ ಒಂದು ಬಿಟ್ಟೆ.

"ಅದು ಲಿಂಗತೊಂಡೆ. ವಿಷ."

"ಎರಡೂ ಹಸಿರು, ಎರಡಕ್ಕೂ ಬಿಳಿ ಗೆರೆ. ಹೇಗ್ ಗೊತ್ತಾಗುತ್ತೆ ಅತ್ತಿಗೆ?"

"ಕಾಯಿ ನೋಡ್ತಾ ನಿಲ್ಬೇಡ. ಬಳ್ಳಿ ತಂತಿಗೆ ಸುತ್ತೋ ಸುರುಳಿ ನೋಡು. ತೊಂಡೇದು ಒಂದೇ ಎಳೆ. ಇದು ನೋಡು, ಹಾವಿನ ನಾಲಿಗೆ ಥರ ಎರಡು ಕವಲು."

ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ನೋಡಿದಳು. ಆಮೇಲೆ ಒಂದೊಂದೇ ಸುರುಳಿ ನೋಡಿ ಕಿತ್ತಳು. ತಪ್ಪು ಮಾಡಲಿಲ್ಲ. ಹೊಗಳಲು ಹೋಗಲಿಲ್ಲ, ತಲೆ ಮೇಲೆ ಕೂರುತ್ತಾಳೆ.

ಮಧ್ಯಾಹ್ನ ಊಟಕ್ಕೆ ಉಪ್ಪಿಲ್ಲ. ಬೈದೆ. ಜ್ವರದಲ್ಲಿ ನನ್ನ ಒದ್ದೆ ಸೀರೆ ಬದಲಿಸಿ, ಹಣೆಗೆ ಬಟ್ಟೆ ಹಾಕಿ, ಕೂತಲ್ಲೇ ತೂಕಡಿಸಿದವಳು ಅವಳು. ಬದುಕಿದ್ದೇನೆ ಅಂದರೆ ಅವಳಿಂದ. ಅದು ನೆನಪಾದದ್ದು ಬೈದು ಮುಗಿದ ಮೇಲೆ.

ಆಗಸ್ಟ್ 7

ಟೀಗೆ ಸಕ್ಕರೆ ಇಲ್ಲ. ಕೇಳಿದರೆ ಗುಬ್ಬಿ ನೆಲ ನೋಡಿದಳು. ತಮ್ಮ ಲೋಟದ ಹಿಂದೆ ಮುಖ ಮುಚ್ಚಿಕೊಂಡು ನಕ್ಕ.

"ಅಕ್ಕನಿಗೆ ಪೂರ್ತಿ ವಾಸಿ ಆಯ್ತು ಕಣೇ. ಬೈಗುಳಕ್ಕೆ ಕಸುವು ಬಂದಿದೆ."

ನಗುತ್ತಲೇ ಅಂಗಡಿಗೆ ಹೋದ. ಹೊಲಿಗೆ ಮಿಷನ್ ರಿಪೇರಿ ಅಂಗಡಿ. ಅಂಗಡಿ ಅನ್ನಬೇಕೋ ಗೂಡು ಅನ್ನಬೇಕೋ. ಒಬ್ಬ ಕೂತರೆ ಇನ್ನೊಬ್ಬ ಹೊರಗೆ ನಿಲ್ಲಬೇಕು. ಆ ಗೂಡು ದುಡಿದೇ ನನಗೂ ಒಂದು ಕೋಣೆ ಕೊಟ್ಟಿದೆ. ನಾನು ಲಾಂಡ್ರಿ ಕೆಲಸ ಬಿಟ್ಟು ಬಂದಾಗ ಗಂಡ ಹೆಂಡತಿ ಒಂದು ಮಾತೂ ಕೇಳದೆ ಮಂಚ ಹಾಕಿಸಿದ್ದರು.

ಆಗಸ್ಟ್ 11, ಬೆಳಿಗ್ಗೆ

ಚರಂಡಿ ಕಡೆಯ ಮೂಲೆಯಲ್ಲಿ ಹೀರೆ ಬಳ್ಳಿ ತಾನಾಗಿ ಎದ್ದು ಕಾಯಿ ಬಿಟ್ಟಿದೆ. ನಾವು ಹಾಕಿದ್ದಲ್ಲ. ಹೋದ ವರ್ಷದ ಬೀಜ ಬಿದ್ದಿರಬೇಕು.

ಗುಬ್ಬಿ ಕಾಯಿ ತಿರುಗಿಸಿ ನೋಡಿದಳು. "ಯಾಕೋ ಗಿಡ್ಡ ಇದೆ ಅತ್ತಿಗೆ. ಕಾಡುಹೀರೆ ಇರಬಹುದಾ?"

"ಮಣ್ಣಲ್ಲಿ ಸಾರ ಇಲ್ದಿದ್ರೆ ಗಿಡ್ಡ ಆಗದೆ ಉದ್ದ ಆಗುತ್ತಾ?"

ಕಾಡುಹೀರೆ ಕಹಿ, ಹೊಟ್ಟೆಗೆ ಹೋದರೆ ವಿಷ. ಅದಕ್ಕೇ ಈ ಮನೆಯಲ್ಲಿ ಬೇಲಿಯ ಕಾಯಿ ಯಾವುದೇ ಇರಲಿ, ನಾನು ತೊಟ್ಟಿನ ಕಡೆ ಒಂದು ಚೂರು ಕೊಯ್ದು ನಾಲಿಗೆಗೆ ಇಟ್ಟು ನೋಡದೆ ಒಲೆಗೆ ಏರುವುದಿಲ್ಲ. ಅಮ್ಮನ ನಂತರ ಅದು ನನ್ನ ಕೆಲಸ. ಇವತ್ತೂ ಇಟ್ಟೆ. ಅಗಿದೆ. ಏನೂ ಕಹಿ ಇಲ್ಲ.

"ಮಾಡು ಹೋಗು" ಅಂದೆ.

ಮಧ್ಯಾಹ್ನ

ಅಂಗಡಿಗೆ ಹೊತ್ತಾಯಿತೆಂದು ತಮ್ಮ ಒಬ್ಬನೇ ಉಂಡು ಹೋದ. ಹೀರೆ ಬಡಿಸಿದ್ದನ್ನೆಲ್ಲ ತಿಂದ. ನನಗೆ ಈ ಸಪ್ಪೆ ಊಟ ಸಾಕಾಗಿದೆ, ಒಂದು ಬ್ರೆಡ್ ತಿಂದು ಮಲಗುತ್ತೇನೆ. ಗುಬ್ಬಿ ಇನ್ನೂ ಕೂತಿಲ್ಲ, ಬಟ್ಟೆ ಒಗೆಯುತ್ತಿದ್ದಾಳೆ.

ಯಾರೋ ಬಾಗಿಲು ಬಡಿಯುತ್ತಿದ್ದಾರೆ. ಪಕ್ಕದಂಗಡಿಯ ಟೈಲರ್ ದನಿ...

ಆಗಸ್ಟ್ 12

ಆಸ್ಪತ್ರೆ. ತಮ್ಮನಿಗೆ ವಾಂತಿ ನಿಂತಿಲ್ಲ. ಹೊಟ್ಟೆಯಿಂದ ರಕ್ತ ಹೋಗಿದೆ. ಬಿಪಿ ಇಳಿದು ಕೈ ಕಾಲು ತಣ್ಣಗೆ. ಎರಡೂ ಕೈಗೆ ಡ್ರಿಪ್. ಟೈಲರ್ ತಡ ಮಾಡದೆ ಅಂಗಡಿಯಿಂದಲೇ ಆಟೋದಲ್ಲಿ ಹಾಕಿಕೊಂಡು ಬಂದನಂತೆ. ಅವನ ಹೊಟ್ಟೆ ತಣ್ಣಗಿರಲಿ.

ಗುಬ್ಬಿ ಹೀರೆ ಉಳಿದಿದ್ದ ಪಾತ್ರೆಯನ್ನೇ ಹಿಡಿದು ತಂದಿದ್ದಳು. ಡಾಕ್ಟರಮ್ಮ ಒಂದು ಹನಿ ರಸ ತುಟಿಗೆ ಮುಟ್ಟಿಸಿಕೊಂಡು ಸಿಂಕಿಗೆ ಓಡಿದರು. ಗುಬ್ಬಿ ನಾಲಿಗೆಗೆ ಇಟ್ಟು ಉಗಿದಳು. ಕಣ್ಣಲ್ಲಿ ನೀರು ಬಂತು, ಅಷ್ಟು ಕಹಿ.

ನಾನೂ ಒಂದು ಹೋಳು ಬಾಯಿಗಿಟ್ಟೆ. ಏನೂ ಇಲ್ಲ. ಒದ್ದೆ ಬಟ್ಟೆ ಅಗಿದಂತೆ.

ಡಾಕ್ಟರಮ್ಮ ನನ್ನ ಬಾಯಿಂದ ಅದನ್ನು ಉಗಿಸಿದರು. ಕ್ಯಾಂಟೀನಿನಿಂದ ಉಪ್ಪು ತರಿಸಿ ನಾಲಿಗೆ ಮೇಲೆ ಹಾಕಿದರು. ಮರಳು. ಸಕ್ಕರೆ ಹಾಕಿದರು. ಅದೂ ಮರಳು.

"ಜ್ವರ ಬಂದಿತ್ತಾ ಅಜ್ಜಿ?"

ತಲೆ ಆಡಿಸಿದೆ. ಜ್ವರ ನಾಲಿಗೆಯ ರುಚಿ ಕಿತ್ತುಕೊಂಡಿದೆ ಅಂದರು. ನನ್ನ ನಾಲಿಗೆಯ.

ಆಗಸ್ಟ್ 13, ಬೆಳಿಗ್ಗೆ

ಇನ್ನೂ ಏನೂ ಹೇಳಲಾಗದು ಅಂತಾರೆ. ಗುಬ್ಬಿಯನ್ನು ಕೇಳಿದೆ, ಊಟಕ್ಕೆ ಉಪ್ಪು ಸರಿ ಇತ್ತೇನೇ?

"ಇತ್ತು ಅತ್ತಿಗೆ. ನೀವು ಬೈತೀರಂತ ನಿಮ್ ತಟ್ಟೆಗೆ ಇನ್ನಷ್ಟು ಹಾಕ್ತಿದ್ದೆ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ನಿಮಗಾ?"

ಅಷ್ಟೇ ಅಂದಳು. ಆಮೇಲೆ ತನ್ನ ಶಾಲು ತೆಗೆದು ನನಗೆ ಹೊದಿಸಿದಳು. ಅವಳ ಗಂಡ ಅಲ್ಲಿ ಹಾಗೆ ಮಲಗಿರುವಾಗ ನನಗೆ ಹೊದಿಸಿದಳು. ನಾನಾಗಿದ್ದರೆ ಎಲ್ಲರೆದುರು ಕಿತ್ತಾಡುತ್ತಿದ್ದೆ.

ಆಗಸ್ಟ್ 15

ಕಣ್ಣು ಬಿಟ್ಟ. ನೀರು ಕೇಳಿದ. ಕುಡಿದದ್ದು ಹೊಟ್ಟೆಯಲ್ಲೇ ನಿಂತಿತು.

ಈ ಆಸ್ಪತ್ರೆಯ ಲಾಂಡ್ರಿಯಲ್ಲೇ ನಾನು ಚಾದರ ಇಸ್ತ್ರಿ ಮಾಡಿ ಮುದುಕಿಯಾದದ್ದು. ಅವನ ಚಾದರದ ಅಂಚು ವಕ್ರ, ನಡುವೆ ಸುಕ್ಕು. ಬೇರೆ ದಿನವಾದರೆ ಕೆಳಗಿಳಿದು ಹೋಗಿ ಉಗಿದು ಬರುತ್ತಿದ್ದೆ. ಇವತ್ತು ಅದು ಅವನ ಉಸಿರಿಗೆ ಏರಿ ಇಳಿಯುವುದನ್ನೇ ನೋಡುತ್ತ ಕೂತೆ. ಯಾರೇ ಇಸ್ತ್ರಿ ಮಾಡಿರಲಿ, ಚೆನ್ನಾಗಿರಲಿ.

ಸಂಜೆ ಕೇಳಿದೆ. "ಕಹಿ ಗೊತ್ತಾಗ್ಲಿಲ್ವೇನೋ?"

"ಮೊದಲ್ನೇ ತುತ್ತಿಗೇ ಗೊತ್ತಾಯ್ತು."

"ಮತ್ತೆ ಯಾಕೆ ತಿಂದೆ?"

"ನೀನು ಸರಿ ಇದೆ ಅಂದಿದ್ಯಲ್ಲ ಅಕ್ಕ. ನನ್ನ ಬಾಯೇ ಕೆಟ್ಟಿದೆ ಅಂದ್ಕೊಂಡೆ."

"ಬುದ್ಧಿ ಬೇಡ್ವಾ ನಿನಗೆ?"

"ಬುದ್ಧಿ ಇದ್ದಿದ್ರೆ ಹುಟ್ಟಿದಾಗಿಂದ ನಿನ್ನ ಮಾತು ಕೇಳ್ತಿದ್ನಾ?"

ಡ್ರಿಪ್ ಹಾಕಿದ ಕೈಯಲ್ಲೇ ನನ್ನ ಬೆರಳು ಹಿಡಿದ. ನರ್ಸು ಇಬ್ಬರಿಗೂ ಬೈದಳು, ಕೈ ಆಡಿಸಬೇಡಿ ಅಂತ. ಒಳ್ಳೆ ಹುಡುಗಿ. ಬೈಯುವುದು ಚೆನ್ನಾಗಿ ಬರುತ್ತದೆ.

ಆಗಸ್ಟ್ 19

ಮನೆಗೆ ಬಂದ. ಅವನನ್ನು ಮಲಗಿಸಿ ಕುಡುಗೋಲು ಹಿಡಿದು ಬೇಲಿಗೆ ಹೋದೆ. ಎಲ್ಲ ಕೊಚ್ಚಿ ಹಾಕುವುದೆಂದೇ. ಗುಬ್ಬಿ ಅಡ್ಡ ನಿಂತಳು.

"ವಿಷದ್ದೊಂದು ಕೀಳಿ. ಒಳ್ಳೇದು ಯಾಕೆ?"

"ಯಾವುದು ಯಾವುದು ಅಂತ ಯಾರು ಹೇಳ್ತಾರೆ? ನನ್ನ ನಾಲಿಗೆ ಸತ್ತಿದೆ."

"ಕಣ್ಣಿದ್ಯಲ್ಲ. ತೊಂಡೆ, ಲಿಂಗತೊಂಡೆ ಬೇರೆ ಮಾಡಿದ್ದು ಕಣ್ಣಲ್ಲಿ ತಾನೇ?"

ಈ ಗುಬ್ಬಿಗೆ ಯಾವಾಗ ಇಷ್ಟು ಮಾತು ಬಂತೋ. ಕುಡುಗೋಲು ಕೆಳಗಿಟ್ಟೆ.

ಆಗಸ್ಟ್ 24

ದಿನಾ ನೋಡುತ್ತಿದ್ದೇನೆ. ಗುಬ್ಬಿ ಸ್ಟೂಲ್ ತಂದು ಹಾಕಿದ್ದಾಳೆ. ಚರಂಡಿ ಮೂಲೆಯದು ಕಾಡಿನದೇ. ಎಲೆ ಚಿಕ್ಕದು, ಬೂದು ಬಣ್ಣ, ಸವರಿದರೆ ಬೆಕ್ಕಿನ ನಾಲಿಗೆಯಂತೆ ಒರಟು. ಕಾಯಿ ಬಲಿತರೂ ಗೇಣು ಮುಟ್ಟುವುದಿಲ್ಲ, ಬುರುಡೆಯಂತೆ ತುದಿ ದಪ್ಪ. ನಾವು ಬೀಜ ಹಾಕಿದ್ದು ಗೇಟಿನ ಹತ್ತಿರ ಇದೆ. ಎಲೆ ಅಗಲ, ಕಾಯಿ ಉದ್ದ, ಏಣು ನೇರ. ಹೂವು ಮಾತ್ರ ಎರಡರದೂ ಹಳದಿ, ಎರಡೂ ಸಂಜೆಗೇ ಅರಳುವುದು. ಹೂವು ನೋಡಿದರೆ ಕೆಟ್ಟೆವು.

ಚರಂಡಿಯದನ್ನು ಬೇರು ಸಮೇತ ಕಿತ್ತೆ.

ನಡುವೆ ಇನ್ನೊಂದು ಇದೆ. ಎಲೆ ಕಾಡಿನದು, ಕಾಯಿ ಮನೆಯದು. ದುಂಬಿ ಅಲ್ಲಿಂದ ಇಲ್ಲಿಗೆ ಹಾರಿ ಹುಟ್ಟಿಸಿದ ಬೆರಕೆ ಇರಬೇಕು. ಅದು ಕಣ್ಣಿಗೆ ಸಿಕ್ಕುವುದಿಲ್ಲ. ಸಿಕ್ಕುವುದಿಲ್ಲ ಅಂತ ಗುಬ್ಬಿಗೆ ಹೇಳಿದೆ. ನನಗೆ ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದೆ. ಆಕಾಶವೇನೂ ಬೀಳಲಿಲ್ಲ. ಅದನ್ನೂ ಕಿತ್ತೆವು.

ಸೆಪ್ಟೆಂಬರ್ 2, ಸಂಜೆ

ತಮ್ಮ ಕೋಲು ಊರಿಕೊಂಡು ಗೇಟಿನ ತನಕ ಹೋದ. ಎಲೆ ಸಮೇತ ಒಂದು ಹೀರೆಕಾಯಿ ಕಿತ್ತು ತಂದು ನನ್ನ ಮುಂದಿಟ್ಟ. ಜೀವ ಬಾಯಿಗೆ ಬಂತು.

"ಬೇಡ ಕಣೋ. ಜನ್ಮಕ್ಕೆ ಸಾಕು."

"ನೋಡಿ ಹೇಳು."

ಎಲೆ ನೋಡಿದೆ, ಕಾಯಿ ನೋಡಿದೆ, ಕೊಯ್ದು ಬೀಜ ನೋಡಿದೆ. ಮನೆಯದು. ಆದರೂ ಗುಬ್ಬಿಗೆ ಕೊಟ್ಟೆ. ತೊಟ್ಟಿನ ಕಡೆಯ ಚೂರು ನಾಲಿಗೆಗಿಟ್ಟು ಕಣ್ಣು ಮುಚ್ಚಿದಳು. ತೆರೆದಳು. ಇನ್ನೊಂದು ಚೂರು ಕೊಯ್ದು ಅದನ್ನೂ ತಿಂದಳು. ಅಷ್ಟಾದ ಮೇಲೆ ಒಲೆ ಹಚ್ಚಿದಳು.

ಮೂವರೂ ಒಟ್ಟಿಗೆ ಕೂತೆವು. ತುತ್ತು ಎತ್ತುವ ಮೊದಲು ಅವನಿಗೆ ಹೇಳಿದೆ, ಕಹಿ ಅನ್ನಿಸಿದರೆ ಉಗಿ, ನಾನು ಏನೇ ಹೇಳಿರಲಿ ಉಗಿ. ಹೂಂ ಅಂದ. ಅಗಿದ. ನುಂಗಿದ. ನಾನು ಉಸಿರು ಬಿಟ್ಟೆ.

ನನ್ನ ತಟ್ಟೆ ಹಾಗೇ ಇತ್ತು. ನನಗೆ ಯಾವುದಾದರೇನು.

"ತಿನ್ನು ಅಕ್ಕ. ಹೇಗಿದೆ ಅಂತ ನಾನು ಹೇಳ್ತೀನಿ."

ಹೇಳಿದ. ಒಂದೊಂದು ತುತ್ತಿಗೂ. ಎಳೇದು ಇದೆ. ಒಳಗೆ ಸಣ್ಣಗೆ ಸಿಹಿ. ಈ ತುದಿಯಲ್ಲಿ ನಾರಿದೆ, ಅದು ಬಿಡು. ಖಾರ ಆಮೇಲೆ ಬರುತ್ತೆ, ತಡಿ. ಗುಬ್ಬಿ ನಡುನಡುವೆ ತಿದ್ದಿದಳು, ಸಿಹಿ ಅಲ್ಲ ರೀ, ಒಗರು. ಇಬ್ಬರೂ ಜಗಳಕ್ಕೆ ಬಿದ್ದರು. ನಾನು ಅಗಿಯುತ್ತ ಕೇಳಿದೆ. ತಟ್ಟೆ ಯಾವಾಗ ಖಾಲಿಯಾಯಿತೋ ತಿಳಿಯಲಿಲ್ಲ. ಜ್ವರ ಬಿಟ್ಟ ಮೇಲೆ ಹೊಟ್ಟೆ ತುಂಬ ಉಂಡದ್ದು ಇವತ್ತು.

ಮತ್ತೆ ಕೂಗುತ್ತಿದ್ದಾನೆ. ಟೀ ಆಯಿತಂತೆ. ಆರಿಹೋದರೆ ರುಚಿ ಹೇಳುವುದಕ್ಕೆ ಏನೂ ಉಳಿಯುವುದಿಲ್ಲವಂತೆ, ಬೇಗ ಬಾ ಅಂತ —